ನುಡಿಗೆ ಕಟ್ಟಿದ ಮನೆ

ದೇವರ ಮನೆಯನ್ನು ಕಟ್ಟಹೊರಟವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮನೆಯೊಳಗೆ ಬಂದ ಭಕ್ತನು ಏನು ಮಾಡುತ್ತಾನೆ? ನೋಡುತ್ತಾನೆಯೇ, ಸುತ್ತುತ್ತಾನೆಯೇ, ಬಾಗುತ್ತಾನೆಯೇ, ಅಥವಾ ಕುಳಿತು ಕೇಳುತ್ತಾನೆಯೇ? ಕಂಬವೆಲ್ಲಿ ನಿಲ್ಲಬೇಕು, ಬೆಳಕೆಲ್ಲಿಂದ ಬರಬೇಕು, ಗೋಡೆ ಎಷ್ಟು ದೂರ ಸರಿಯಬೇಕು ಎಂಬುದೆಲ್ಲ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ. ಶೈಲಿ, ಅಲಂಕಾರ, ಶಿಖರ ಇವೆಲ್ಲ ಆಮೇಲಿನ ಮಾತು.

ಬಸವಕಲ್ಯಾಣ ಮತ್ತು ಹುಮನಾಬಾದಗಳ ಸೀಮೆ ಈ ಪ್ರಶ್ನೆಗೆ ಹಲವು ಕಾಲಗಳ ಉತ್ತರಗಳನ್ನು ತನ್ನಲ್ಲಿ ಇಟ್ಟುಕೊಂಡಿದೆ. ಕಲ್ಯಾಣದ ಬಳಿಯ ನಾರಾಯಣಪುರದಲ್ಲಿಯೂ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿಯೂ ಚಾಲುಕ್ಯರ ಕಾಲದ ಶಿವಾಲಯಗಳಿವೆ. ಅವು ಮುಖ್ಯವಾಗಿ ಕಣ್ಣಿಗೂ ಕಾಲಿಗೂ ಕಟ್ಟಿದ ಮನೆಗಳು. ಹೊರಗೋಡೆಯ ಶಿಲಾಬಾಲಿಕೆಯರನ್ನು ನೋಡುತ್ತ ಸುತ್ತುಬಂದವನು, ಕಡೆದ ಕಂಬಗಳ ಮಂಟಪವನ್ನು ದಾಟಿ, ಬೆಳಕಿನಿಂದ ಮಬ್ಬಿಗೆ, ಮಬ್ಬಿನಿಂದ ಗರ್ಭಗುಡಿಯ ಕತ್ತಲೆಗೆ ಸಾಗುತ್ತಾನೆ. ಅಲ್ಲಿ ದೀಪದ ಕುಡಿಯಲ್ಲಿ ದರ್ಶನವಾಗುತ್ತದೆ. ನೂರು ಜನ ಕುಳಿತು ಒಬ್ಬನ ಮಾತನ್ನು ಆಲಿಸಲಿ ಎಂಬ ಉದ್ದೇಶ ಈ ರಚನೆಯಲ್ಲಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಜಲಸಂಗಿಯ ಗೋಡೆಯ ಮೇಲೆ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕಲ್ಲಿನಲ್ಲಿ ಬರೆಯುತ್ತಿರುವ ಸುಂದರಿಯೊಬ್ಬಳಿದ್ದಾಳೆ. ಅಲ್ಲಿ ಅಕ್ಷರವೂ ನೋಡುವ ವಸ್ತುವಾಗಿದೆ!

ಆದರೆ ಇದೇ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಕೇಳುವುದನ್ನೂ ಕೇಳಿ ಮರುನುಡಿಯುವುದನ್ನೂ ಸಾಧನೆಯೆಂದು ಬಗೆದ ಒಂದು ಸಮುದಾಯ ಸೇರಿತು. ಶೂನ್ಯಸಂಪಾದನೆಯನ್ನು ಓದಿದವರಿಗೆ ಅನುಭವಮಂಟಪದ ಸಂವಾದಗಳು ಕಿವಿಯಲ್ಲಿ ನಿಲ್ಲುತ್ತವೆ: ಅಲ್ಲಮನ ಪ್ರಶ್ನೆ, ಅಕ್ಕನ ಉತ್ತರ, ಬಸವಣ್ಣನ ವಿನಯ, ಚೆನ್ನಬಸವಣ್ಣನ ಸಮಾಧಾನ. ಆದರೆ ಆ ಗೋಷ್ಠಿ ಕುಳಿತ ಮನೆ ಇದೇ ಎಂದು ಎಲ್ಲರೂ ಒಪ್ಪುವಂತೆ ತೋರಿಸಬಲ್ಲ ಕಂಬವೊಂದು ನಮಗೆ ಉಳಿದುಬಂದಿಲ್ಲ. ಅರಸರ ಕಲ್ಲು ಉಳಿಯಿತು. ಶರಣರ ನುಡಿ ಉಳಿಯಿತು. ನುಡಿಗೆ ಕಟ್ಟಿದ ಮನೆ ಉಳಿಯಲಿಲ್ಲ.

ಅಂಥ ಮನೆ ಹೇಗಿರಬೇಕು ಎಂಬುದು ಕೇವಲ ಇತಿಹಾಸದ ಕುತೂಹಲವಲ್ಲ. ಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲನ್ನಿಟ್ಟ ಮೇಲೆ ಅದು ಕಟ್ಟಡದ ಪ್ರಶ್ನೆಯೂ ಆಗಿದೆ. ಈ ಪ್ರಶ್ನೆಯನ್ನು ನಮಗಿಂತ ದೂರದಲ್ಲಿ, ಬೇರೊಂದು ಧರ್ಮದಲ್ಲಿ, ನಾಲ್ಕು ಶತಮಾನಗಳಿಗೂ ಮೀರಿ ಚಿಂತಿಸಿದವರಿದ್ದಾರೆ. ಅವರೇ ಸ್ಕಾಟ್ಲೆಂಡಿನ ಪ್ರೆಸ್‌ಬಿಟೇರಿಯನ್ನರು. ಅವರ ದೇವಾಲಯಗಳು ಬೀದರ ಸೀಮೆಯಲ್ಲಿ ಕಾಣಸಿಗುವುದಿಲ್ಲ. ಇಲ್ಲಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದವರು ಮೆಥೊಡಿಸ್ಟ್ ಮಿಶನರಿಗಳು. ಪ್ರೆಸ್‌ಬಿಟೇರಿಯನ್ ಕಟ್ಟಡವನ್ನು ಕಾಣಬೇಕಾದರೆ ಬೆಂಗಳೂರಿನ ಕಬ್ಬನ್ ರಸ್ತೆಗೆ ಹೋಗಬೇಕು; ಅದರ ಹಿರಿಯಣ್ಣನನ್ನು ಕಾಣಬೇಕಾದರೆ ಮದರಾಸಿನ ಎಗ್ಮೋರಿಗೆ ಹೋಗಬೇಕು. ಅದಕ್ಕೂ ಮೊದಲು ಆ ಪಂಥದ ಮನೋಧರ್ಮವನ್ನು ಅರಿಯಬೇಕು.

ಹಿರಿಯರ ಸಭೆ

ಗ್ರೀಕ್ ಭಾಷೆಯಲ್ಲಿ ‘ಪ್ರೆಸ್‌ಬುಟೆರೋಸ್’ ಎಂದರೆ ಹಿರಿಯ. ಬಿಷಪ್ಪನ ಅಧಿಕಾರಕ್ಕೆ ಒಳಪಡದೆ, ಹಿರಿಯರ ಸಭೆಯೇ ಧರ್ಮಕಾರ್ಯವನ್ನು ನಡೆಸಬೇಕೆಂಬುದು ಆ ಪಂಥದ ಕಟ್ಟಳೆ. ಹೆಸರೂ ಅಲ್ಲಿಂದಲೇ ಬಂದಿತು. 1560ರಲ್ಲಿ ಜಾನ್ ನಾಕ್ಸ್ ಮೊದಲಾದವರ ನೇತೃತ್ವದಲ್ಲಿ ಸ್ಕಾಟ್ಲೆಂಡ್ ಪೋಪರ ಅಧಿಕಾರದಿಂದ ಬಿಡಿಸಿಕೊಂಡಾಗ, ಹಳೆಯ ದೇವಾಲಯಗಳೇನೋ ಹೊಸ ಸಭೆಯ ಕೈಗೆ ಬಂದವು. ಆದರೆ ಅವು ಹೊಂದಲಿಲ್ಲ. ಉದ್ದನೆಯ ಅಂಕಣ, ಅದರ ತುದಿಯಲ್ಲಿ ಪೂಜಾವೇದಿ, ಅದರ ಮುಂದೆ ಪಾದ್ರಿ. ಇದು ಕಾಣುವುದಕ್ಕೆ ಕಟ್ಟಿದ ಮನೆ. ಹೊಸ ಸಭೆಗೆ ಬೇಕಾದದ್ದು ವೇದಿಯಲ್ಲ, ಪ್ರಸಂಗಪೀಠ. ವಿಗ್ರಹವಲ್ಲ, ತೆರೆದ ಗ್ರಂಥ. ಆದಕಾರಣ ಅವರು ಉದ್ದನೆಯ ಗೋಡೆಯ ನಡುವೆ ಪ್ರಸಂಗಪೀಠವನ್ನು ಎತ್ತರಿಸಿ ನಿಲ್ಲಿಸಿ, ಆಸನಗಳನ್ನು ಮೂರು ಕಡೆಯಿಂದ ಅದರತ್ತ ತಿರುಗಿಸಿದರು. ಪ್ರಸಂಗಿಯ ತಲೆಯ ಮೇಲೆ ಮರದ ಹಲಗೆಯೊಂದನ್ನು ಛತ್ರಿಯಂತೆ ಚಾಚಿದರು. ಅದು ಅಲಂಕಾರಕ್ಕಲ್ಲ, ಮೇಲಕ್ಕೆ ಹೋಗಿ ವ್ಯರ್ಥವಾಗುವ ದನಿಯನ್ನು ಕೇಳುವವರ ಕಡೆಗೆ ಮರಳಿಸುವುದಕ್ಕೆ.

ಫೈಫ್ ಪ್ರಾಂತದ ಬರ್ನ್ಟ್‌ಐಲೆಂಡ್ ಎಂಬ ಬಂದರಿನಲ್ಲಿ 1590ರ ದಶಕದಲ್ಲಿ ಕಟ್ಟಿದ ದೇವಾಲಯ ಈ ವಿಚಾರಕ್ಕೆ ಒಳ್ಳೆಯ ಉದಾಹರಣೆ. ಅದು ಉದ್ದವಾಗಿಲ್ಲ, ಚೌಕವಾಗಿದೆ. ನಡುವೆ ನಾಲ್ಕು ದೊಡ್ಡ ಕಂಬಗಳು, ಸುತ್ತಲೂ ಅಟ್ಟಣೆಗಳು. ನಾವಿಕರು ಮೊದಲಾಗಿ ಊರಿನ ಕಸುಬಿನ ಸಂಘಗಳವರು ಆ ಅಟ್ಟಣೆಗಳಲ್ಲಿ ಕುಳಿತು ಕೇಳುತ್ತಿದ್ದರು. 1601ರಲ್ಲಿ ದೊರೆ ಜೇಮ್ಸನ ಸಮ್ಮುಖದಲ್ಲಿ ಧರ್ಮಮಹಾಸಭೆ ಸೇರಿ ಬೈಬಲಿನ ಹೊಸ ಅನುವಾದದ ಮಾತೆತ್ತಿದ್ದು ಇದೇ ಊರಿನಲ್ಲಿ. ಅಂಬಿಗ, ಮಡಿವಾಳ, ಮಾದಾರ ಎಂಬ ಕಾಯಕದ ಹೆಸರುಗಳನ್ನು ಹೆಮ್ಮೆಯಿಂದ ಹೊತ್ತ ಶರಣರ ನಾಡಿನವರಿಗೆ ಈ ಚಿತ್ರ ಅಪರಿಚಿತವೆನಿಸದು. ಆದರೆ ಒಂದು ಭೇದವನ್ನು ಮರೆಯಬಾರದು. ಅಲ್ಲಿ ಕಸುಬಿಗೊಂದು ಸ್ಥಳ ಗೊತ್ತಾಗಿತ್ತು. ಮುಂದೆ ಸ್ಕಾಟ್ಲೆಂಡಿನ ದೇವಾಲಯಗಳಲ್ಲಿ ಜಮೀನುದಾರನಿಗೆ ಬೇರೆ ಅಟ್ಟಣೆ, ಉಳಿದವರ ಆಸನಗಳಿಗೆ ಬಾಡಿಗೆ ಎಂಬ ಪದ್ಧತಿಯೂ ಬೇರೂರಿತು. ಪ್ರಭುಭೋಜನಕ್ಕೆ ಎಲ್ಲರೂ ಒಂದೇ ಉದ್ದನೆಯ ಮೇಜಿನ ಸುತ್ತ ಕುಳಿತ ಜನವೇ ಪ್ರಸಂಗವನ್ನು ಕೇಳುವಾಗ ಅಂತಸ್ತಿನಂತೆ ಕುಳಿತಿತು. ಕಟ್ಟಡವು ಸಿದ್ಧಾಂತಕ್ಕೆ ಸಾಕ್ಷಿ ಹೇಳುವಂತೆ, ಸಿದ್ಧಾಂತದಿಂದ ಜಾರಿದ್ದಕ್ಕೂ ಸಾಕ್ಷಿ ಹೇಳುತ್ತದೆ.

ಶ್ರೀರಂಗಪಟ್ಟಣದ ಕಮಾನು, ಮದರಾಸಿನ ಗುಮ್ಮಟ

ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿ ಸ್ಕಾಟರು ಬಹುಸಂಖ್ಯೆಯಲ್ಲಿದ್ದರು. 1813ರ ಸನ್ನದು ಬಂದ ಮೇಲೆ ಅವರ ಸಭೆಗೂ ಕಂಪೆನಿಯ ಖರ್ಚಿನಲ್ಲಿ ಪಾದ್ರಿಗಳು ದೊರೆತರು. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ದೇವಾಲಯಗಳು ಎದ್ದವು. ಸ್ಕಾಟರ ಮಾತಿನಲ್ಲಿ ಅವು ‘ಕಿರ್ಕ್’ಗಳು. ಮದರಾಸಿನ ಸಂತ ಆಂಡ್ರೂ ಕಿರ್ಕಿನ ನಿರ್ಮಾಣ 1818ರಲ್ಲಿ ಆರಂಭವಾಗಿ 1821ರಲ್ಲಿ ಮುಗಿಯಿತು. ಅದನ್ನು ಕಟ್ಟಿದವನು ಸೈನ್ಯದ ಎಂಜಿನಿಯರ್ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್. ಈತನ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಅಧ್ಯಾಯವಿದೆ.

ಮದರಾಸಿಗೆ ಹೋಗುವ ಮುನ್ನ ಡಿ ಹ್ಯಾವಿಲೆಂಡ್ ಶ್ರೀರಂಗಪಟ್ಟಣದಲ್ಲಿದ್ದ. ಕಾವೇರಿಗೆ ಇಟ್ಟಿಗೆಯ ಕಮಾನುಗಳ ಸೇತುವೆಯೊಂದನ್ನು ಕಟ್ಟಬಹುದೆಂಬುದು ಅವನ ವಾದ: ಪ್ರತಿ ಕಮಾನಿನ ಹರವು ನೂರು ಅಡಿಗೂ ಮಿಗಿಲು, ಏರು ಹನ್ನೊಂದೇ ಅಡಿ. ಕಮಾನು ಎಷ್ಟು ಚಪ್ಪಟೆಯಾಗುತ್ತದೆಯೋ ಅಷ್ಟೂ ಅದು ತನ್ನ ಎರಡು ಕಾಲುಗಳನ್ನು ಹೊರಕ್ಕೆ ನೂಕುತ್ತದೆ. ಇಂಥ ಕಮಾನು ನಿಲ್ಲದೆಂದು ಇತರರು ಸಂಶಯಪಟ್ಟರು. ಡಿ ಹ್ಯಾವಿಲೆಂಡ್ ಮಾತಿನಿಂದ ಉತ್ತರಿಸುವ ಬದಲು, ಸುಮಾರು 1808ರಲ್ಲಿ, ತನ್ನ ತೋಟದಲ್ಲಿಯೇ ಅದೇ ಅಳತೆಯ ಕಮಾನೊಂದನ್ನು ಕಟ್ಟಿ ನಿಲ್ಲಿಸಿದ. ಸೇತುವೆ ಆಗಲಿಲ್ಲ. ಆದರೆ ಕೆಳಗೆ ಹೊಳೆಯಿಲ್ಲದ, ಮೇಲೆ ಹಾದಿಯಿಲ್ಲದ ಆ ಕಮಾನು ಶತಮಾನಕ್ಕೂ ಹೆಚ್ಚು ಕಾಲ ನಿಂತು, 1930ರ ದಶಕದಲ್ಲಿ ಕುಸಿಯಿತು. ಮೈಸೂರಿನ ಸರ್ಕಾರಿ ಭವನದ ಕಂಬವಿಲ್ಲದ ದೊಡ್ಡ ಸಭಾಂಗಣವೂ ಆತನ ಕೈಯದೇ. ಇಟ್ಟಿಗೆಗೂ ಗಾರೆಗೂ ಎಷ್ಟು ಭಾರ ಹೊರಿಸಬಹುದೆಂಬ ಅನುಭವವನ್ನು ಅವನು ಗಳಿಸಿದ್ದು ಇಲ್ಲಿ. ಅದು ಗುಮ್ಮಟವಾಗಿ ಫಲಿಸಿದ್ದು ಮದರಾಸಿನಲ್ಲಿ.

ಎಗ್ಮೋರಿನ ನೆಲ ಗಟ್ಟಿಯಲ್ಲ. ಅಲ್ಲಿ ಅವನು ನಾಡಿನ ಹಳೆಯ ವಿದ್ಯೆಯನ್ನೇ ಆಶ್ರಯಿಸಿದ: ಬಾವಿಗಳನ್ನು ಇಳಿಸಿ, ತುಂಬಿ, ಅವುಗಳ ತಲೆಯ ಮೇಲೆ ತಳಪಾಯವನ್ನು ಹೂಡಿದ. ಲಂಡನ್ನಿನ ಸೇಂಟ್ ಮಾರ್ಟಿನ್ ದೇವಾಲಯದ ಮಾದರಿಯಲ್ಲಿ ಮುಂದುಗಡೆ ಕಂಬಗಳ ಮುಖಮಂಟಪವನ್ನೂ ಸುಮಾರು 166 ಅಡಿಯ ಶಿಖರವನ್ನೂ ನಿಲ್ಲಿಸಿದ. ಒಳಗಡೆ ಮಾತ್ರ ಉದ್ದನೆಯ ಅಂಕಣವಿಲ್ಲ, ವೃತ್ತವಿದೆ. ವೃತ್ತದಲ್ಲಿ ಹದಿನಾರು ಕಾರಿಂಥಿಯನ್ ಕಂಬಗಳು, ಅವುಗಳ ಮೇಲೆ ಐವತ್ತೊಂದೂವರೆ ಅಡಿ ವ್ಯಾಸದ ಗುಮ್ಮಟ. ಗುಮ್ಮಟದ ತೂಕವನ್ನು ಇಳಿಸಲು ಕುಂಬಾರರು ಮಾಡಿದ ಟೊಳ್ಳು ಮಣ್ಣಿನ ಶಂಕುಗಳನ್ನು ಗಾರೆಯಲ್ಲಿ ಹುದುಗಿಸಲಾಗಿದೆ. ಅದರ ಒಳಮೈಗೆ ಗಾಢವಾದ ನೀಲಿ, ನೀಲಿಯ ಮೇಲೆ ಹೊನ್ನಿನ ನಕ್ಷತ್ರಗಳು.

ಸಭೆ ಪ್ರಸಂಗಿಯ ಸುತ್ತ ಕೂಡಬೇಕೆಂಬ ಪ್ರೆಸ್‌ಬಿಟೇರಿಯನ್ ಆಶಯಕ್ಕೆ ವೃತ್ತಕ್ಕಿಂತ ಒಪ್ಪುವ ಆಕಾರ ಬೇರಿಲ್ಲ. ಆದರೆ ವೃತ್ತದ ಮೇಲೆ ಗುಮ್ಮಟ ಬಂದಕೂಡಲೇ ಕಿವಿಯ ತೊಡಕು ಮೊದಲಾಗುತ್ತದೆ. ವಿಜಾಪುರದ ಗೋಳಗುಮ್ಮಟವನ್ನು ಕಂಡ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಒಂದು ಪಿಸುಮಾತು ಗೋಡೆಗುಂಟ ಹರಿದು ಎದುರು ತುದಿಯಲ್ಲಿ ಕೇಳಿಸುತ್ತದೆ. ಒಂದು ಚಪ್ಪಾಳೆ ಮತ್ತೆ ಮತ್ತೆ ಮಾರ್ದನಿಗೊಳ್ಳುತ್ತದೆ. ಸಮಾಧಿಗೆ ಅದು ಸೊಬಗು. ಆದರೆ ಅಲ್ಲಿ ನಿಂತು ಒಂದು ದೀರ್ಘವಾಕ್ಯವನ್ನು ನುಡಿದರೆ, ಮೊದಲ ಪದದ ಮಾರ್ದನಿ ಹತ್ತನೆಯ ಪದದ ಮೇಲೆ ಬೀಳುತ್ತದೆ, ಅರ್ಥ ಕಲಸಿಹೋಗುತ್ತದೆ. ಕಣ್ಣನ್ನು ಮೇಲಕ್ಕೆ ಕರೆಯುವ ಗುಮ್ಮಟ ಮಾತನ್ನೂ ಮೇಲಕ್ಕೆ ಕರೆಯುತ್ತದೆ. ಡಿ ಹ್ಯಾವಿಲೆಂಡನ ಗುಮ್ಮಟ ಗೋಳಗುಮ್ಮಟದ ಅರ್ಧಕ್ಕಿಂತಲೂ ಚಿಕ್ಕದು. ಆದರೂ ಬಾಗಿದ ಒಳಮೈಯ ಸ್ವಭಾವ ಎರಡಕ್ಕೂ ಒಂದೇ.

ಬೆಂಗಳೂರಿನ ಕೆಂಪು ಗೋಪುರ

ಬೆಂಗಳೂರಿನ ದಂಡು ನೆಲೆಗೊಂಡದ್ದು 1809ರಲ್ಲಿ. ಅಲ್ಲಿಯ ಸ್ಕಾಟ್ ಸೈನಿಕರಿಗೂ ಅಧಿಕಾರಿಗಳಿಗೂ ಸಂತ ಆಂಡ್ರೂ ದೇವಾಲಯದ ಅಡಿಗಲ್ಲು ಬಿದ್ದದ್ದು 1864ರಲ್ಲಿ. ಬಾಗಿಲು ತೆರೆದದ್ದು 1866ರಲ್ಲಿ. ನಕ್ಷೆ ಮೈಸೂರಿನ ಮುಖ್ಯ ಎಂಜಿನಿಯರ್ ಕರ್ನಲ್ ಓರ್ ಅವರದು. ಇದೇ ಅವಧಿಯಲ್ಲಿ, 1865ರಲ್ಲಿ, ಹುಮನಾಬಾದಿನ ಬಳಿ ಸಕಲಮತದ ಮಾಣಿಕಪ್ರಭುಗಳು ಸಮಾಧಿಸ್ಥರಾದರೆಂಬುದನ್ನು ನೆನೆದರೆ ಕಾಲದ ಅಂದಾಜು ನಮ್ಮವರಿಗೆ ಸುಲಭವಾಗಿ ಸಿಗುತ್ತದೆ.

ಅರ್ಧ ಶತಮಾನದ ಅಂತರದಲ್ಲಿ ರುಚಿ ಎಷ್ಟು ಬದಲಾಯಿತೆಂಬುದು ಮದರಾಸನ್ನೂ ಬೆಂಗಳೂರನ್ನೂ ಜೊತೆಯಿಟ್ಟು ನೋಡಿದರೆ ತಿಳಿಯುತ್ತದೆ. ಮದರಾಸಿನದು ರೋಮಿನ ನೆನಪು: ಬಿಳಿ ಗಾರೆ, ಕಂಬ, ಗುಮ್ಮಟ. ಬೆಂಗಳೂರಿನದು ಮಧ್ಯಯುಗದ ಯೂರೋಪಿನ ನೆನಪು: ಕೆಂಪು ಮೈ, ತೊಂಬತ್ತು ಅಡಿಯ ಗೋಪುರ, ಗೋಪುರದಲ್ಲಿ ಗಡಿಯಾರ. 1560ರಲ್ಲಿ ಯಾವ ಹಳೆಯ ದೇವಾಲಯಗಳೊಳಗೆ ಹೊಸ ಸಭೆ ಇಕ್ಕಟ್ಟಿನಿಂದ ಕುಳಿತಿತ್ತೋ, ಮುನ್ನೂರು ವರ್ಷಗಳ ಮೇಲೆ ಅದರ ಮಕ್ಕಳು ತಮ್ಮ ಇಚ್ಛೆಯಿಂದಲೇ ಆ ಮಾದರಿಯತ್ತ ಮರಳಿದರು. ವಿಗ್ರಹಗಳನ್ನು ಇಳಿಸಿದವರ ವಂಶದವರೇ ಎಡಿನ್‌ಬರೋದಿಂದ ಬಣ್ಣದ ಗಾಜಿನ ಕಿಟಕಿಯನ್ನು ತರಿಸಿ ನಿಲ್ಲಿಸಿದರು.

ಸಂಗೀತದ ಕಥೆ ಇನ್ನೂ ಸ್ವಾರಸ್ಯದ್ದು. ದೇವಾಲಯದಲ್ಲಿ ವಾದ್ಯವೇ ಕೂಡದು, ಮನುಷ್ಯಕಂಠವೊಂದೇ ಸಾಕು ಎಂಬುದು ಸ್ಕಾಟರ ಹಳೆಯ ನಿಷ್ಠೆ. ಒಬ್ಬನು ಕೀರ್ತನೆಯ ಧಾಟಿಯನ್ನು ಎತ್ತಿಕೊಡುವನು, ಸಭೆ ಕೂಡಿ ಹಾಡುವುದು. ಎಡಿನ್‌ಬರೋದ ಓಲ್ಡ್ ಗ್ರೇಫ್ರಯರ್ಸ್ ದೇವಾಲಯದಲ್ಲಿ ರಾಬರ್ಟ್ ಲೀ ಎಂಬ ಪಾದ್ರಿ 1863ರಲ್ಲಿ ಹಾರ್ಮೋನಿಯಂ ಅನ್ನೂ 1865ರಲ್ಲಿ ಆರ್ಗನ್ ಅನ್ನೂ ಒಳಗೆ ತಂದಾಗ ದೊಡ್ಡ ಕೋಲಾಹಲವೆದ್ದಿತು. ಅಂದರೆ ಬೆಂಗಳೂರಿನಲ್ಲಿ ಗೋಡೆ ಏಳುತ್ತಿದ್ದಾಗ ತಾಯ್ನಾಡಿನಲ್ಲಿ ಈ ಜಗಳ ಕಾವೇರಿತ್ತು. 1881ರ ಹೊತ್ತಿಗೆ ಬೆಂಗಳೂರಿನ ದೇವಾಲಯಕ್ಕೆ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಿಂದ ಕೊಳವೆಗಳ ಆರ್ಗನ್ ಬಂದಿತು.

ಗೋಪುರದ ಹಂಬಲವೂ ಹೀಗೆಯೇ. ಕಲಕತ್ತೆಯಲ್ಲಿ ಸ್ಕಾಟರು ಶಿಖರ ಎತ್ತುವುದಕ್ಕೆ ಆಂಗ್ಲಿಕನ್ ಬಿಷಪ್ಪನು ಅಡ್ಡಿ ಮಾಡಿದಾಗ, ಸ್ಕಾಟ್ ಪಾದ್ರಿ ಛಲದಿಂದ ಶಿಖರವನ್ನೆತ್ತಿಸಿ, ಅದರ ತುದಿಯಲ್ಲಿ ಬಿಷಪ್ಪನ ತಲೆಯ ಮೇಲೆ ಕೂಗಲೆಂದು ಹುಂಜವನ್ನು ಕೂರಿಸಿದನೆಂಬ ಕಥೆಯಿದೆ. ನುಡಿಯನ್ನು ಕೇಳುವುದಕ್ಕೆ ಶಿಖರದಿಂದ ಯಾವ ಉಪಕಾರವೂ ಇಲ್ಲ. ಅದು ಊರಿಗೆ ಕೇಳಿಸುವ ಬೇರೆಯೇ ಒಂದು ಮಾತು: ನಾವೂ ಇದ್ದೇವೆ ಎಂಬ ಮಾತು. ಜನಸಮುದಾಯಗಳಿಗೆ ಆ ಮಾತೂ ಬೇಕಾಗುತ್ತದೆ, ಅದನ್ನು ನಗೆಯಾಡಬೇಕಾಗಿಲ್ಲ. ಆದರೆ ಎರಡು ಮಾತುಗಳನ್ನು ಒಂದೆಂದು ತಿಳಿಯಬಾರದು.

ಕಿವಿಯ ಗಣಿತ

ಕೇಳುವ ಮನೆಯನ್ನು ಸ್ಕಾಟ್ಲೆಂಡಿನ ಬಡಗಿಗಳು ಕಟ್ಟಿದ್ದು ಅನುಭವದಿಂದ. ಅದರ ಗಣಿತವನ್ನು ಕಂಡವನು ಅಮೆರಿಕದ ವ್ಯಾಲೇಸ್ ಸೆಬೈನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸಮಂದಿರವೊಂದರಲ್ಲಿ ಉಪನ್ಯಾಸಕರ ಮಾತು ಯಾರಿಗೂ ತಿಳಿಯದಂತಾದಾಗ, 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಈ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ರಾತ್ರಿಯ ನಿಶ್ಶಬ್ದದಲ್ಲಿ ಅವನು ಬೇರೊಂದು ನಾಟ್ಯಶಾಲೆಯ ಆಸನದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ದನಿಯೊಂದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಿದ್ದ. ಬರಿಯ ಮಂದಿರದಲ್ಲಿ ಆ ಹೊತ್ತು ಐದೂವರೆ ಸೆಕೆಂಡುಗಳಷ್ಟಿತ್ತು! ಮಂದಿರದ ಗಾತ್ರ ಹೆಚ್ಚಿದಂತೆ ಮಾರ್ದನಿ ಬೆಳೆಯುತ್ತದೆ. ದನಿಯನ್ನು ಹೀರುವ ವಸ್ತು ಹೆಚ್ಚಿದಂತೆ ಕುಗ್ಗುತ್ತದೆ. ಇದೇ ಅವನು ಕಂಡ ನಿಯಮ. ಕಲ್ಲು, ಗಾಜು, ನುಣುಪು ಗಾರೆ ಹೀರುವುದು ಅತ್ಯಲ್ಪ. ಬಟ್ಟೆ, ಮೆತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ಕುಳಿತ ಜನ, ಚೆನ್ನಾಗಿ ಹೀರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ದನಿ ಒಂದು ಸೆಕೆಂಡಿನಲ್ಲಿ ಸುಮಾರು 340 ಮೀಟರು ಓಡುತ್ತದೆ. ಗೋಡೆಗೋ ಹಲಗೆಗೋ ತಗುಲಿ ಮರಳಿದ ದನಿ, ನೇರವಾಗಿ ಬಂದ ದನಿಯ ಹಿಂದೆಯೇ, ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಬಂದು ಮುಟ್ಟಿದರೆ ಮಾತಿಗೆ ಬಲ ಬರುತ್ತದೆ. ಬಹಳ ತಡವಾಗಿ ಬಂದರೆ ಮಾತನ್ನು ಕೆಡಿಸುತ್ತದೆ. ಪ್ರಸಂಗಿಯ ತಲೆಯ ಮೇಲೆ ಕೆಲವೇ ಅಡಿಗಳೆತ್ತರದ ಹಲಗೆ ಏಕೆ ಉಪಕಾರಿ, ಎತ್ತರದ ಗುಮ್ಮಟ ಏಕೆ ಅಪಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಂಗೀತದ ನ್ಯಾಯವೇ ಬೇರೆ. ಆರ್ಗನ್ನಿನ ನಾದ ತುಂಬಿ ನಿಲ್ಲಬೇಕಾದರೆ ಎರಡು ಸೆಕೆಂಡೋ ಅದಕ್ಕೂ ಹೆಚ್ಚೋ ಮಾರ್ದನಿ ಬೇಕು. ಮಾತಿಗೆ ಸುಮಾರು ಒಂದು ಸೆಕೆಂಡಿನದೇ ಸಾಕು. ಆದ್ದರಿಂದ ಆರ್ಗನ್ ಒಳಗೆ ಬಂದದ್ದು ಕೇವಲ ಧರ್ಮದ ಜಗಳವಲ್ಲ. ಕಿವಿ ಬೇಡುವುದೂ ಬೇರೆಯಾಯಿತು.

ಸ್ಥಾವರವೂ ಸಭೆಯೂ

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್ನರೂ, ಬ್ರಿಟಿಷ್ ಪರಂಪರೆಯ ಮೆಥೊಡಿಸ್ಟರೂ, ಪ್ರೆಸ್‌ಬಿಟೇರಿಯನ್ ಮೊದಲಾದ ಪರಂಪರೆಗಳ ಒಕ್ಕೂಟದವರೂ ಒಂದಾದರು. ಬೀದರ ಸೀಮೆಯ ಮೆಥೊಡಿಸ್ಟರು ಅಮೆರಿಕದ ಪರಂಪರೆಯವರಾದ್ದರಿಂದ ಅದರಲ್ಲಿ ಸೇರಲಿಲ್ಲ. ಮದರಾಸಿನ, ಬೆಂಗಳೂರಿನ ಕಿರ್ಕುಗಳು ಇಂದು ಆ ಸಂಯುಕ್ತಸಭೆಯ ದೇವಾಲಯಗಳು. ಅದರಲ್ಲಿ ಬಿಷಪ್ಪರೂ ಉಂಟು. ಬಿಷಪ್ಪನನ್ನು ಒಲ್ಲದವರು ಕಟ್ಟಿದ ಮನೆ ಬಿಷಪ್ಪನಿರುವ ಸಭೆಗೆ ಸಂದಿತು. ಸ್ಕಾಟ್ ಸೈನಿಕರು ಕುಳಿತ ಆಸನಗಳಲ್ಲಿ ಈ ನಾಡಿನ ಜನ ಕುಳಿತರು. ಕಲ್ಲು ಇದ್ದಲ್ಲಿಯೇ ಇದೆ. ಒಳಗಿನ ಸಭೆ ನಡೆದುಬಂದಿದೆ. ಸ್ಥಾವರ–ಜಂಗಮಗಳೆಂಬ ಪದಗಳನ್ನು ಲೋಕಕ್ಕೆ ಕಲಿಸಿದ ಕಲ್ಯಾಣದವರಿಗೆ ಇದಕ್ಕೆ ಭಾಷ್ಯ ಬೇಕಾಗಿಲ್ಲ.

ಕಲ್ಯಾಣದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಸಂಕಲ್ಪದಿಂದ 1955ರಲ್ಲಿ ತೊಡಗಿ 1982ರಲ್ಲಿ ಮುಗಿದ ಅನುಭವಮಂಟಪವಿದೆ. ಈಗಿನ ಹೊಸ ಯೋಜನೆ ಇನ್ನೂ ವಿಸ್ತಾರವಾದುದು. 770 ಅಮರಗಣಗಳ ನೆನಪಿಗೆ 770 ಕಂಬಗಳು, ಅಷ್ಟೇ ಜನ ಕೂರುವ ಸಭಾಂಗಣ ಎಂದು ಅದನ್ನು ಪ್ರಕಟಿಸುವಾಗ ಹೇಳಲಾಗಿತ್ತು. ಶರಣರಿಗೆ ಭವ್ಯವಾದ ಸ್ಮಾರಕ ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಹೊರಗಿನ ಎತ್ತರ ಸಲ್ಲಬೇಕಾದವರಿಗೆ ಸಲ್ಲಲಿ. ಆದರೆ ಒಳಗೊಂದು ಅಂಗಣವಾದರೂ ಕಿವಿಯ ಅಳತೆಗೆ ಸಿದ್ಧವಾಗಬೇಕು. ಅಲ್ಲಿ ಮಾತಿಗೂ ಕೇಳುವವನಿಗೂ ನಡುವೆ ಕಂಬ ನಿಲ್ಲಬಾರದು; ಆಸನಗಳು ಒಂದೇ ಕಡೆಗೆ ಮುಖಮಾಡದೆ ಒಂದರತ್ತ ಇನ್ನೊಂದು ತಿರುಗಬೇಕು. ಏಕೆಂದರೆ ಕಿರ್ಕಿನಲ್ಲಿ ನುಡಿಯುವವನು ಒಬ್ಬ, ಕೇಳುವವರು ಹಲವರು. ಅನುಭವಮಂಟಪದಲ್ಲಾದರೋ ಕೇಳಿದವನು ಮರುಕ್ಷಣದಲ್ಲಿ ನುಡಿಯುವವನಾಗುತ್ತಿದ್ದ. ಸ್ಕಾಟರ ಮನೆಗಿಂತ ನಮ್ಮ ಮನೆಯ ಕೆಲಸ ಕಠಿನ. ಎತ್ತರದ ಪೀಠ ಅವರಿಗೆ ನೆರವಾಯಿತು. ನಮಗೆ ಅದೇ ವಿಘ್ನವಾದೀತು.

ಧ್ವನಿವರ್ಧಕವಿದೆಯಲ್ಲ, ಈ ಚಿಂತೆಯೆಲ್ಲ ಏಕೆ ಎನ್ನುವವರಿದ್ದಾರೆ. ನಮ್ಮ ಊರುಗಳ ಮದುವೆಮಂಟಪಗಳಲ್ಲಿ, ನುಣುಪು ನೆಲದ ಮೇಲೆ, ಗಾಜಿನ ಗೋಡೆಗಳ ನಡುವೆ ನಡೆಯುವ ಸಭೆಗಳಿಗೆ ಹೋದವರೆಲ್ಲರಿಗೂ ಉತ್ತರ ಗೊತ್ತಿದೆ. ಮಾರ್ದನಿಸುವ ಮನೆಯಲ್ಲಿ ಧ್ವನಿವರ್ಧಕವು ಮಾತನ್ನು ದೊಡ್ಡದು ಮಾಡುವಷ್ಟೇ ಗೊಂದಲವನ್ನೂ ದೊಡ್ಡದು ಮಾಡುತ್ತದೆ. ಭಾಷಣಕಾರನಿಗೆ ತನ್ನ ದನಿ ಕೇಳುತ್ತದೆ. ಹಿಂದಿನ ಸಾಲಿನವರಿಗೆ ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಕಲ್ಯಾಣದ ಹೊಸ ಮಂಟಪ ಮುಗಿದ ದಿನ ಅದರ ಎತ್ತರವನ್ನೂ ಕಂಬಗಳನ್ನೂ ಎಣಿಸುವವರು ಬಹಳ ಜನ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಕೊನೆಯ ಸಾಲಿಗೆ ಹೋಗಿ ಕುಳಿತು, ನಡುವೆ ನಿಂತು ಓದುವ ಶಾಲೆಯ ಹುಡುಗಿಯೊಬ್ಬಳ ಬರಿಯ ದನಿಯ ವಚನ ಅಕ್ಷರ ಅಕ್ಷರವಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕು.